ರಕ್ತದ ಮಾತು ಸಾಕು, ಮೈದಾನದ ಮಾತಾಡೋಣ



ಬರಹ ಸ್ವಲ್ಪ ಉದ್ದ ಆಗಿದೆ. ಪುರುಸೊತ್ತು ಮಾಡಿಕೊಂಡು ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಕಾರವಾರದ ಕಡಲತೀರದಲ್ಲಿ ಸಿದ್ದಿ ಹುಡುಗರು ಬರಿಗಾಲಲ್ಲಿ ಫುಟ್‌ಬಾಲ್ ಆಡುವ ಒಂದು ವಿಡಿಯೋ ನಮ್ಮ ಗ್ರೂಪುಗಳಲ್ಲೆಲ್ಲ ಓಡಾಡ್ತಾ ಇದೆ. ನೋಡಲಿಕ್ಕೆ ಖುಷಿ ಆಗ್ತದೆ. ಆದರೆ ಅದರ ಕೆಳಗಿನ ಕಾಮೆಂಟುಗಳನ್ನು ಓದಿದರೆ ಬೇರೆಯದೇ ಕತೆ. "ಇವರ ರಕ್ತದಲ್ಲೇ ಓಟ ಇದೆ." "ಆಫ್ರಿಕಾದ ಮೈಕಟ್ಟು ಮಾರಾಯ್ರೇ, ಕಾಡಲ್ಲಿ ಬೆಳೆದವರು." "ಇವರನ್ನೇ ಹನ್ನೊಂದು ಜನ ಇಂಡಿಯಾ ಟೀಮಿಗೆ ಹಾಕಿ, ವರ್ಲ್ಡ್ ಕಪ್ ನಮ್ದೇ." ಹೀಗೆ ನೂರಾರು. ಬರೆದವರು ಯಾರೂ ಕೆಟ್ಟ ಮನಸ್ಸಿಂದ ಬರೆದವರಲ್ಲ ಅಂತ ಗೊತ್ತು. ಹೊಗಳಿಕೆಗೂ ತಕರಾರಾ ಅಂತ ನನ್ನ ಒಬ್ಬ ಗೆಳೆಯ ಕೇಳಿದ.

ಹೌದು, ತಕರಾರಿದೆ. ಯಾಕೆ ಅಂತ ಹೇಳಲಿಕ್ಕೆ ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಬೇಕು. ಯಾಕಂದ್ರೆ "ಇವರನ್ನೇ ಪೂರ್ತಿ ಟೀಮಾಗಿ ದೇಶಕ್ಕೆ ಆಡಿಸಿ" ಅನ್ನೋ ಆಸೆಯನ್ನು ಒಂದು ದೇಶ ನಿಜವಾಗಿ ಮಾಡಿ ನೋಡಿದೆ. ಅದೂ ಒಂದು ವಿಚಿತ್ರ ಆಟದಲ್ಲಿ.

ಆಟದ ಹೆಸರು ಇಂಟರ್‌ನ್ಯಾಷನಲ್ ರೂಲ್ಸ್ ಫುಟ್‌ಬಾಲ್. ಐರ್ಲೆಂಡಿನವರಿಗೆ ಅವರದೇ ಗೇಲಿಕ್ ಫುಟ್‌ಬಾಲ್ ಇದೆ, ಉರುಟು ಚೆಂಡು, ಆಯತಾಕಾರದ ಮೈದಾನ. ಆಸ್ಟ್ರೇಲಿಯಾದವರಿಗೆ ಅವರದೇ ಫುಟ್‌ಬಾಲ್ ಇದೆ, ಮೊಟ್ಟೆ ಆಕಾರದ ಚೆಂಡು, ಮೊಟ್ಟೆ ಆಕಾರದ ಮೈದಾನ. ಎರಡರಲ್ಲೂ ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಒದೆಯಬಹುದು. ಈ ಎರಡನ್ನೂ ಬೆರೆಸಿ ಒಂದು ಆಟ ಮಾಡಿದರು. ಚೆಂಡು ಮತ್ತು ಮೈದಾನ ಐರ್ಲೆಂಡಿನದು. ಎದುರಾಳಿಯನ್ನು ತಬ್ಬಿ ಕೆಡವುವುದು, ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿದರೆ ಸಿಗುವ ಬಿಡಿ ಒದೆತ ಆಸ್ಟ್ರೇಲಿಯಾದ್ದು. ಬಲೆಯೊಳಗೆ ಹೋದರೆ 6 ಅಂಕ, ಅಡ್ಡಪಟ್ಟಿಯ ಮೇಲಿಂದ ಹೋದರೆ 3, ಪಕ್ಕದ ಕಂಬಗಳ ನಡುವೆ ಹೋದರೆ 1. 1984ರಿಂದ ಎರಡೂ ದೇಶಗಳ ರಾಷ್ಟ್ರೀಯ ತಂಡಗಳು ಈ ಆಟದಲ್ಲಿ ಸರಣಿ ಆಡಿವೆ.

ನಮ್ಮ ಕಡೆ ಇಂಥದ್ದಕ್ಕೆ ಒಂದು ಪದ ಇದೆ, ಬೆರಕೆ. ಅದನ್ನು ಬೈಗುಳವಾಗಿಯೇ ಬಳಸೋದು. ಬೆರಕೆ ನಾಯಿ, ಬೆರಕೆ ಜಾತಿ. ಬೆರೆಯೋದೇ ಪಾಪ ಅಂತ ಶಾಸ್ತ್ರ ಬರೆದಿಟ್ಟ ದೇಶ ಇದು. ಅಲ್ಲಿ ಎರಡು ದೇಶದವರು ಕೂತು ಮಾತಾಡಿ ಬೆರಕೆ ಆಟ ಕಟ್ಟಿ, ಅದಕ್ಕೆ ರಾಷ್ಟ್ರೀಯ ಜೆರ್ಸಿ ತೊಡಿಸಿದರು.

ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಇಷ್ಟವಾದ ವಿಷಯ ಇದರ ನಿಯಮ ಹುಟ್ಟಿದ ರೀತಿ. ಆಸ್ಟ್ರೇಲಿಯಾದ ಆಟಗಾರರು ಸಂಬಳ ತೆಗೆದುಕೊಂಡು ಆಡುವವರು. ಐರ್ಲೆಂಡಿನ ಗೇಲಿಕ್ ಆಟಗಾರರಿಗೆ ಸಂಬಳ ಇಲ್ಲ, ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಆಡುವವರು. 2005, 2006ರ ಸರಣಿಗಳಲ್ಲಿ ಹೊಡೆದಾಟ ವಿಪರೀತ ಆಯ್ತು. ಐರ್ಲೆಂಡಿನ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ "ಹೀಗಾದ್ರೆ ನಾವು ಆಡೋದಿಲ್ಲ" ಅಂತ ಕೂತುಬಿಟ್ಟಿತು. 2007ರಲ್ಲಿ ಸರಣಿಯೇ ನಡೆಯಲಿಲ್ಲ. ಶಿಸ್ತಿನ ನಿಯಮಗಳನ್ನು ಬಿಗಿ ಮಾಡಿದ ಮೇಲೆ 2008ರಲ್ಲಿ ಮತ್ತೆ ಶುರುವಾಯ್ತು. ಹಣ ಕಡಿಮೆ ಇದ್ದವರೂ ನಿಯಮ ಬದಲಾಯಿಸಲು ಸಾಧ್ಯವಾದದ್ದು ಎಂತಕ್ಕೆ? ಎದ್ದು ಹೋಗುವ ಶಕ್ತಿ ಅವರಿಗಿತ್ತು. ಅವರದೇ ಆಟ, ಅವರದೇ ಸಂಸ್ಥೆ, ಅವರದೇ ಮೈದಾನ ಇತ್ತು. ಆ ಸಂಸ್ಥೆ ಹುಟ್ಟಿದ್ದು 1884ರಲ್ಲಿ, ಬ್ರಿಟಿಷರ ಆಟಗಳ ಎದುರು ನಮ್ಮ ಆಟ ಉಳಿಸಿಕೊಳ್ಳಬೇಕು ಅಂತ. 1920ರ ನವೆಂಬರ್ 21ರಂದು ಡಬ್ಲಿನ್‌ನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಪಂದ್ಯ ನಡೆಯುವಾಗಲೇ ಬ್ರಿಟಿಷ್ ಪಡೆ ಗುಂಡು ಹಾರಿಸಿ 14 ಜನರನ್ನು ಕೊಂದಿತು. ಸತ್ತವರಲ್ಲಿ ಒಬ್ಬ ಆಟಗಾರನೂ ಇದ್ದ. ಅಷ್ಟು ಬೆಲೆ ಕೊಟ್ಟು ಕಟ್ಟಿಕೊಂಡವರು ಮೇಜಿನ ಮುಂದೆ ತಲೆಯೆತ್ತಿ ಕೂತರು.

ಈಗ ವಿಷಯಕ್ಕೆ ಬರ್ತೀನಿ.

2013ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ಐರ್ಲೆಂಡಿಗೆ ಕಳಿಸಿದ ರಾಷ್ಟ್ರೀಯ ತಂಡದಲ್ಲಿ ಎಲ್ಲರೂ ಆ ನೆಲದ ಮೂಲನಿವಾಸಿಗಳು. ಒಬ್ಬ ಬಿಳಿಯ ಆಟಗಾರನೂ ಇಲ್ಲ. ಕೋಚ್ ಮೈಕಲ್ ಓಲೋಕ್ಲಿನ್ ಕೂಡ ಮೂಲನಿವಾಸಿಯೇ, ಸಿಡ್ನಿ ಸ್ವಾನ್ಸ್ ಕ್ಲಬ್ಬಿಗೆ 303 ಪಂದ್ಯ ಆಡಿದವರು. ಮೂಲನಿವಾಸಿಗಳ ನೆಲ ಕಿತ್ತುಕೊಂಡು, ಮಕ್ಕಳನ್ನು ತಾಯಂದಿರಿಂದ ಬಿಡಿಸಿ ಒಯ್ದು ಬೆಳೆದ ದೇಶ ಅದು. ಅಲ್ಲಿನ ಜನಸಂಖ್ಯೆಯಲ್ಲಿ ಮೂಲನಿವಾಸಿಗಳು ನೂರಕ್ಕೆ ಮೂರರಷ್ಟು. ಆದರೆ ಅಲ್ಲಿನ ದೊಡ್ಡ ಫುಟ್‌ಬಾಲ್ ಲೀಗಿನ ಆಟಗಾರರಲ್ಲಿ ಆ ಹೊತ್ತಿಗೆ ನೂರಕ್ಕೆ ಹತ್ತಿರಹತ್ತಿರ ಹತ್ತು. ಅಂಥವರೇ ಇಡೀ ದೇಶದ ಹೆಸರಲ್ಲಿ ಮೈದಾನಕ್ಕಿಳಿದರು. ಕಪ್ಪು ಚರ್ಮದವರು ಮಾತ್ರ ಇರುವ "ಆಸ್ಟ್ರೇಲಿಯಾ"! ಆ ಫೋಟೋ ನೋಡಿದಾಗ ನನ್ನ ಕಣ್ಣು ತುಂಬಿತ್ತು. ಸುಳ್ಳು ಹೇಳೋದಿಲ್ಲ.

ಫಲಿತಾಂಶ? ಕ್ಯಾವನ್‌ನಲ್ಲಿ ಮೊದಲ ಪಂದ್ಯ ಐರ್ಲೆಂಡ್ 57, ಆಸ್ಟ್ರೇಲಿಯಾ 35. ಕ್ರೋಕ್ ಪಾರ್ಕಿನಲ್ಲಿ ಎರಡನೆಯದು 116, 37. ಒಟ್ಟು 101 ಅಂಕಗಳ ಸೋಲು. ಈ ಸರಣಿಯ ಇತಿಹಾಸದಲ್ಲೇ ಅಷ್ಟು ದೊಡ್ಡ ಅಂತರ ಇರಲಿಲ್ಲ.

ಮರುವರ್ಷ ಆಯ್ಕೆಯ ಮಾನದಂಡ ಬದಲಾಯ್ತು. ಲೀಗಿನ ವರ್ಷದ ಶ್ರೇಷ್ಠ ತಂಡ ಅಂತ ಘೋಷಿಸುವ "ಆಲ್ ಆಸ್ಟ್ರೇಲಿಯನ್" ಪಟ್ಟಿಯಲ್ಲಿ ಒಮ್ಮೆಯಾದರೂ ಹೆಸರಿದ್ದವರಿಗೆ ಮಾತ್ರ ಅವಕಾಶ ಅಂದರು. 2014ರ ನವೆಂಬರ್‌ನಲ್ಲಿ ಪರ್ತ್‌ನಲ್ಲಿ ಒಂದೇ ಪಂದ್ಯ, ಆಸ್ಟ್ರೇಲಿಯಾ 56, ಐರ್ಲೆಂಡ್ 46. ಗೆದ್ದರು. ಪೂರ್ತಿ ಮೂಲನಿವಾಸಿಗಳ ತಂಡ ದೇಶದ ಹೆಸರಲ್ಲಿ ಮತ್ತೆ ಈ ಸರಣಿಗೆ ಹೋಗಲಿಲ್ಲ.

ಗಮನಿಸಿ, 2011ರಲ್ಲೂ ಆಸ್ಟ್ರೇಲಿಯಾ ತನ್ನದೇ ನೆಲದಲ್ಲಿ ಕೆಟ್ಟದಾಗಿ ಸೋತಿತ್ತು. 130, 65. ಆಗ "ಬಿಳಿಯರಿಗೆ ಈ ಆಟ ಆಗಿಬರೋದಿಲ್ಲ" ಅಂತ ಯಾರಾದರೂ ಹೇಳಿದ್ರಾ? ಹೇಳಲ್ಲ. ಅವರ ಸೋಲು ಆ ಹದಿನೈದು ಜನರ ಸೋಲು ಮಾತ್ರ. ನಮ್ಮಂಥವರ ಸೋಲು ಮಾತ್ರ ಕುಲದ ಸೋಲು ಆಗ್ತದೆ. ಸರಣಿಯ ಬಗ್ಗೆ ಜನರ ಆಸಕ್ತಿ ಇಳಿದಿದ್ದ ಹೊತ್ತಿನಲ್ಲಿ, ದೊಡ್ಡ ಆಟಗಾರರು ಹೋಗಲು ಹಿಂಜರಿಯುತ್ತಿದ್ದ ಹೊತ್ತಿನಲ್ಲಿ, ಈ ಗೌರವವನ್ನು ಮೂಲನಿವಾಸಿಗಳಿಗೆ ಕೊಟ್ಟರು. ಆಡಿದವರು ಹೆಮ್ಮೆಯಿಂದಲೇ ಆಡಿದರು. ಆ ಹೆಮ್ಮೆ ನಿಜ, ಅದನ್ನು ನಾನು ಸಣ್ಣದು ಮಾಡೋದಿಲ್ಲ. ನನ್ನ ಪ್ರಶ್ನೆ ಕೊಟ್ಟವರಿಗೆ. ಒಂದು ಸಲ ಸೋತ ಮೇಲೆ ಮುಂದಿನ ವರ್ಷಕ್ಕೂ ಉಳಿಯದೆ ಇದ್ದದ್ದು ಹಕ್ಕು ಹೇಗಾಗ್ತದೆ?

ಈಗ ನಮ್ಮ ಜಿಲ್ಲೆಗೆ ಬನ್ನಿ. ಇದೇ ಕತೆ ನಮ್ಮಲ್ಲಿ ಅದಕ್ಕೂ ಮೊದಲೇ ನಡೆದಿದೆ.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ, ಅಂದ್ರೆ ಸಾಯ್, "ಸ್ಪೆಷಲ್ ಏರಿಯಾ ಗೇಮ್ಸ್" ಅನ್ನೋ ಯೋಜನೆ ತಂದಿತು. ಆಗ ಕೇಂದ್ರದಲ್ಲಿ ಕ್ರೀಡಾ ಸಚಿವೆ ಆಗಿದ್ದವರು ಮಾರ್ಗರೆಟ್ ಆಳ್ವ. ಬುಡಕಟ್ಟು ಪ್ರದೇಶಗಳಿಂದ ಮಕ್ಕಳನ್ನು ಹುಡುಕಿ ತರಬೇತಿ ಕೊಡುವ ಯೋಜನೆ. ರಾಜಸ್ಥಾನದಿಂದ ಬಿಲ್ಲುಗಾರ ಲಿಂಬಾರಾಮ್ ಬಂದದ್ದು ಹೀಗೆ. ನಮ್ಮ ಉತ್ತರ ಕನ್ನಡದ ಕಾಡಿನಿಂದ ಸಿದ್ದಿ ಮಕ್ಕಳನ್ನು ಆರಿಸಿ ಒಯ್ದರು. ಒಯ್ದದ್ದಕ್ಕೆ ಕಾರಣ ಏನು? ಇವರ ಮೂಲ ಆಫ್ರಿಕಾ, ಹಾಗಾಗಿ ಒಲಿಂಪಿಕ್ ಪದಕ ಬಂದೇ ಬರ್ತದೆ ಅನ್ನೋ ಲೆಕ್ಕ. ಇಂದಿನ ಕಾಮೆಂಟಿನಲ್ಲಿರುವ ಅದೇ ಲೆಕ್ಕ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ತಂದ ಜನ, ಗೋವೆಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದ ಜನ. ಅವತ್ತು ಹಡಗಿನ ಕಟ್ಟೆಯಲ್ಲಿ ತೋಳು ತೊಡೆ ನೋಡಿ ಬೆಲೆ ಕಟ್ಟಿದ್ದರು. ಮತ್ತೆ ನಾಲ್ಕು ಶತಮಾನದ ನಂತರವೂ ತೋಳು ತೊಡೆಯನ್ನೇ ನೋಡಿದೆವು.

ಆ ಮಕ್ಕಳು ಸುಮ್ಮನೆ ಕೂರಲಿಲ್ಲ. ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್, ಫಿಲಿಪ್ ಆಂಟನಿ ಸಿದ್ದಿ. ಈ ಹೆಸರುಗಳು ದೇಶದ ಅಥ್ಲೆಟಿಕ್ಸ್‌ನಲ್ಲಿ ಕೇಳಿಬಂದವು. ಸರಿಯಾದ ಊಟ, ಟ್ರ್ಯಾಕು, ಕೋಚ್ ಸಿಕ್ಕಿದ ಕೆಲವೇ ವರ್ಷಗಳಲ್ಲಿ. ಆದರೆ 1993ರ ಹೊತ್ತಿಗೆ ಸಿದ್ದಿ ಮಕ್ಕಳ ಆ ಯೋಜನೆಯನ್ನು ನಿಲ್ಲಿಸಿದರು. ಆರು ವರ್ಷ! ಹತ್ತು ವರ್ಷದ ಮಗು ಹದಿನಾರಾಗುವಷ್ಟು ಕಾಲ. ಅಷ್ಟರಲ್ಲಿ ಒಲಿಂಪಿಕ್ ಪದಕ ಎಲ್ಲಿ ಅಂತ ಕೇಳಿ ಮಕ್ಕಳನ್ನು ವಾಪಸ್ ಕಾಡಿಗೆ, ಕೂಲಿಗೆ ಕಳಿಸಿದರು. ಸಿದ್ದಿಗಳಿಗೆ ನಮ್ಮ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಅಂದ್ರೆ ದೇಶಕ್ಕಾಗಿ ಓಡಿ ಅಂತ ಕರೆದಾಗ ಅವರು ಕಾಗದದ ಮೇಲೆ ಬುಡಕಟ್ಟೇ ಆಗಿರಲಿಲ್ಲ. ಓಡಲಿಕ್ಕೆ ಬುಡಕಟ್ಟು, ಸರ್ಟಿಫಿಕೇಟ್ ಕೊಡಲಿಕ್ಕೆ ಅಲ್ಲ. ನಮ್ಮ ಅಂಕೋಲಾದ ಹಾಲಕ್ಕಿಗಳು ಇವತ್ತಿಗೂ ಅದೇ ಸರ್ಟಿಫಿಕೇಟಿಗೆ ಕಾಯ್ತಾ ಇದ್ದಾರೆ. ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಇಬ್ಬರಿಗೂ ಪದ್ಮಶ್ರೀ ಬಂತು. ಇಬ್ಬರೂ ಕಾಯುತ್ತಲೇ ತೀರಿಕೊಂಡರು. ಸನ್ಮಾನ ಬೇಗ ಸಿಗ್ತದೆ, ಹಕ್ಕು ಸಿಗೋದಿಲ್ಲ.

"ರಕ್ತದಲ್ಲಿದೆ" ಅನ್ನೋ ಮಾತಿನ ಅಪಾಯ ಇದೇ. ರಕ್ತದಲ್ಲೇ ಇದ್ದರೆ ಕೋಚ್ ಯಾಕೆ, ಬೂಟು ಯಾಕೆ, ಮೊಟ್ಟೆ ಹಾಲು ಯಾಕೆ? ಗೆದ್ದರೆ ರಕ್ತ ಗೆದ್ದಿತು, ಅವನ ಬೆವರಿಗೆ ಲೆಕ್ಕ ಇಲ್ಲ. ಸೋತರೆ ಅವನು ಸೋಮಾರಿ, ಕುಡುಕ, ಕಾಡು ಬಿಟ್ಟು ಇರಲಾರದವನು. ಆಸ್ಟ್ರೇಲಿಯಾದಲ್ಲೂ ಮೂಲನಿವಾಸಿ ಆಟಗಾರರ ಕೌಶಲವನ್ನು "ಮಾಯೆ" ಅಂತಲೇ ಹೊಗಳುವ ರೂಢಿ ಇತ್ತು. ಬುದ್ಧಿ ಬೇಕಾಗುವ ಜಾಗ ಬಂದಾಗ, ಅಂದ್ರೆ ಲೀಗಿನ ಕ್ಲಬ್ಬುಗಳ ಮುಖ್ಯ ಕೋಚ್ ಕುರ್ಚಿ ಬಂದಾಗ, ಆ ಮಾಯೆಯವರ ನೆನಪು ಯಾರಿಗೂ ಆಗ್ತಿರಲಿಲ್ಲ. ಹುಟ್ಟಿನಿಂದ ಕೆಲಸ ನಿಗದಿ ಮಾಡೋದಕ್ಕೆ ನಮ್ಮಲ್ಲಿ ಏನಂತಾರೆ? ಜಾತಿ ಅಂತಾರೆ. ಹೊಗಳಿ ಮಾಡಿದರೂ ಅದು ಜಾತಿಯೇ.

ನನ್ನ ಸ್ವಂತದ್ದೂ ಒಂದೆರಡು ಮಾತು ಹೇಳ್ತೀನಿ. ನಾನು ಅಂಕೋಲಾ ತಾಲ್ಲೂಕಿನ ಒಂದು ಆಗೇರ ಕೇರಿಯಲ್ಲಿ ಬೆಳೆದವನು. ಭತ್ತ ಕೊಯ್ದ ಮೇಲೆ ಗದ್ದೆಯೇ ಮೈದಾನ. ಗದ್ದೆ ನಮ್ಮದಲ್ಲ, ಹಾಗಾಗಿ ಆಟದ ನಿಯಮವೂ ನಮ್ಮದಲ್ಲ. ಊರ ತಂಡಕ್ಕೆ ಜನ ಕಡಿಮೆ ಬಿದ್ದಾಗ ನಮ್ಮನ್ನು ಕರೀತಿದ್ರು. ಕರೆದರೆ ಗೋಲಿಗೆ ನಿಲ್ಲಿಸ್ತಿದ್ರು. ಮೈಗೆ ಮೈ ತಾಗೋದು ಕಡಿಮೆ ನೋಡಿ. ಚೆಂಡು ಹೊಂಡಕ್ಕೆ, ಮುಳ್ಳಿಗೆ ಹೋದರೆ ತರುವ ಕೆಲಸವೂ ನಮ್ಮದೇ. ಒಂದು ವರ್ಷ ಪಕ್ಕದ ಊರಿನ ಮೇಲೆ ಗೆದ್ದೆವು. ಅವತ್ತು ನಾನು ಎರಡು ಒಳ್ಳೆ ಗೋಲು ತಡೆದಿದ್ದೆ. ಸಂಜೆ ಗೆದ್ದ ತಂಡಕ್ಕೆ ಒಬ್ಬರ ಮನೆಯಲ್ಲಿ ಅವಲಕ್ಕಿ, ಚಹಾ. ಕಪ್ಪು ಜಗಲಿಯ ಮೇಲೆ, ನಾನು ಮತ್ತು ನಮ್ಮ ಕೇರಿಯ ಇನ್ನೊಬ್ಬ ಅಂಗಳದಲ್ಲಿ. ತಂಡ ಒಂದೇ. ಜಗಲಿ ಮತ್ತು ಅಂಗಳ ಮಾತ್ರ ಬೇರೆ.

ಇದನ್ನು ಬರೀ ನನ್ನ ಗೋಳು ಅಂದ್ಕೋಬೇಡಿ. ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಳೂ ಅವರ ಕತೆ ಓದಿ. ಚಮ್ಮಾರ ಕುಲದವರು, ದೊಡ್ಡ ಎಡಗೈ ಸ್ಪಿನ್ನರ್. ಪುಣೆಯಲ್ಲಿ ಅವರ ಕೈಯಿಂದ ಚೆಂಡು ತಗೊಂಡು ಗೆದ್ದ ಹಿಂದೂ ತಂಡದವರು ಅವರಿಗೆ ಚಹಾ ಕೊಟ್ಟದ್ದು ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ಮೊದಲ ಅಖಿಲ ಭಾರತ ತಂಡದಲ್ಲಿ 100ಕ್ಕೂ ಹೆಚ್ಚು ವಿಕೆಟ್ ತೆಗೆದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಕೊಡಲಿಲ್ಲ. ಜಗಳ ಮಾಡಿ, ಪ್ರತಿಭಟಿಸಿ, ಕೊನೆಗೆ 1923ರಲ್ಲಿ ಅವರ ತಮ್ಮ ವಿಠ್ಠಲ್ ನಾಯಕರಾದರು. ಬಾಳೂ ಅವರಿಗೆ ಮಾತ್ರ ಆ ಕುರ್ಚಿ ಸಿಗಲೇ ಇಲ್ಲ.

ಹಳೆಯ ಕಾಲ ಬಿಡಿ ಅಂತೀರಾ? 2021ರ ಟೋಕಿಯೋ ಒಲಿಂಪಿಕ್ಸ್. ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾ ಮೇಲೆ ಹ್ಯಾಟ್ರಿಕ್ ಹೊಡೆದರು, ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಮಹಿಳೆ. ನಾಲ್ಕೇ ದಿನದ ನಂತರ ಸೆಮಿಫೈನಲ್‌ನಲ್ಲಿ ಭಾರತ ಅರ್ಜೆಂಟೀನಾಕ್ಕೆ ಸೋತಾಗ ಹರಿದ್ವಾರದ ಅವರ ಮನೆ ಮುಂದೆ ಮೇಲ್ಜಾತಿಯ ಕೆಲವರು ಪಟಾಕಿ ಹೊಡೆದು ಕುಣಿದರು, ತಂಡದಲ್ಲಿ ದಲಿತರು ಜಾಸ್ತಿ ಆದದ್ದಕ್ಕೆ ಸೋತದ್ದು ಅಂತ ಬೈದರು ಎಂದು ಕುಟುಂಬ ದೂರು ಕೊಟ್ಟಿತು, ಬಂಧನಗಳೂ ಆದವು. ದೇಶದ ಜೆರ್ಸಿ ಹಾಕಿದ್ದರೂ ಸೋತ ಕ್ಷಣಕ್ಕೆ ಅದರ ಕೆಳಗಿನ ಜಾತಿ ಕಾಣಿಸ್ತದೆ.

ಹಾಗಾದ್ರೆ ಆಸ್ಟ್ರೇಲಿಯಾದಿಂದ ಕಲಿಯಲಿಕ್ಕೆ ಏನೂ ಇಲ್ವಾ? ಇದೆ. ಆದರೆ ಅದು 2013ರ ತಂಡದಲ್ಲಿ ಇಲ್ಲ, ಅದಕ್ಕೂ ಮೊದಲಿನ ಜಗಳಗಳಲ್ಲಿದೆ. 1993ರಲ್ಲಿ ನಿಕಿ ವಿನ್ಮಾರ್ ಅನ್ನೋ ಆಟಗಾರ, ಪಂದ್ಯವಿಡೀ ಬೈದ ಪ್ರೇಕ್ಷಕರ ಎದುರು ಜೆರ್ಸಿ ಎತ್ತಿ ತನ್ನ ಕಪ್ಪು ಹೊಟ್ಟೆಯನ್ನು ಬೆರಳಿಂದ ತೋರಿಸಿದ. ಆ ಫೋಟೋ ಜಗತ್ತೆಲ್ಲ ನೋಡಿತು. 1995ರಲ್ಲಿ ಮೈಕಲ್ ಲಾಂಗ್, ಎದುರಾಳಿ ಆಟಗಾರ ಜನಾಂಗೀಯವಾಗಿ ಬೈದಾಗ "ಇರಲಿ ಬಿಡು" ಅನ್ನಲಿಲ್ಲ. ಹಟ ಹಿಡಿದ. ಅದೇ ವರ್ಷ ಲೀಗ್ ಜನಾಂಗೀಯ ನಿಂದನೆಯ ವಿರುದ್ಧ ನಿಯಮ ತಂದಿತು. ದೂರು ಕೊಡುವ ದಾರಿ, ವಿಚಾರಣೆಯ ದಾರಿ ಪುಸ್ತಕದಲ್ಲಿ ಬಂತು. ಅದರಿಂದ ಎಲ್ಲ ಸರಿಹೋಗಲಿಲ್ಲ. ಆಡಮ್ ಗುಡ್ಸ್ ಅಂಥ ಮಹಾನ್ ಆಟಗಾರನನ್ನು 2013ರಲ್ಲಿ ಪ್ರೇಕ್ಷಕರೊಳಗಿಂದ ಒಂದು ಮಗು ಕೋತಿ ಅಂತ ಕರೀತು. ಅದನ್ನು ಪ್ರಶ್ನೆ ಮಾಡಿದ್ದಕ್ಕೆ, ಮೂಲನಿವಾಸಿಗಳ ಬಗ್ಗೆ ಮಾತಾಡಿದ್ದಕ್ಕೆ, ಅವರು ಚೆಂಡು ಮುಟ್ಟಿದಾಗಲೆಲ್ಲ ಜನ ಊಳಿಟ್ಟರು. 2014ರಲ್ಲಿ "ವರ್ಷದ ಆಸ್ಟ್ರೇಲಿಯನ್" ಪ್ರಶಸ್ತಿ ಕೊಟ್ಟ ದೇಶವೇ 2015ರಲ್ಲಿ ಅವರನ್ನು ಊಳಿಟ್ಟು ಮನೆಗೆ ಕಳಿಸಿತು. ಲೀಗ್ ಕ್ಷಮೆ ಕೇಳಿದ್ದು 2019ರಲ್ಲಿ. ಆದರೂ ಲಾಂಗ್ ತಂದ ನಿಯಮ ಉಳಿಯಿತು. ಪ್ರಶಸ್ತಿ, ವಿಶೇಷ ತಂಡ ಬಂದು ಹೋಗ್ತವೆ. ಬರೆದಿಟ್ಟ ನಿಯಮವನ್ನು ಹಿಡಿದು ಮುಂದಿನವನೂ ಜಗಳ ಮಾಡಬಹುದು. ಬಾಬಾಸಾಹೇಬರು ನಮಗೆ ಕಲಿಸಿದ್ದೂ ಇದನ್ನೇ ಅಲ್ವಾ?

"ಆಟದಲ್ಲೂ ಜಾತಿ ತರಬೇಡಿ, ಮೆರಿಟ್ ಮುಖ್ಯ" ಅಂತ ಕೆಲವರು ಈಗಾಗಲೇ ಟೈಪ್ ಮಾಡ್ತಾ ಇರಬಹುದು. ಸ್ವಾಮಿ, ನಾನು ಭಾರತ ತಂಡದಲ್ಲಿ ಹನ್ನೊಂದಕ್ಕೆ ಇಷ್ಟು ಸೀಟು ಅಂತ ಕೇಳ್ತಾ ಇಲ್ಲ. ಪೂರ್ತಿ ಸಿದ್ದಿ ತಂಡ, ಪೂರ್ತಿ ದಲಿತ ತಂಡ ಅನ್ನೋ ಪ್ರದರ್ಶನವಂತೂ ಬೇಡವೇ ಬೇಡ. ಮೆರಿಟ್ ಅಳೆಯುವ ಜಾಗದವರೆಗೆ ಬರಲಿಕ್ಕೆ ಮಗುವಿಗೆ ಹತ್ತು ವರ್ಷ ಮೈದಾನ ಬೇಕು. ಆ ಹತ್ತು ವರ್ಷ ಕೇಳ್ತಾ ಇದ್ದೀನಿ. ಕಾರವಾರದಿಂದ ಗೋವೆಯ ಗಡಿ ಕೂಗಳತೆ ದೂರ. ಅಲ್ಲಿ ಊರೂರಿಗೆ ಫುಟ್‌ಬಾಲ್ ಕ್ಲಬ್ಬು, ಇಗರ್ಜಿ ಪಕ್ಕ ಮೈದಾನ. ಅಲ್ಲಿನ ಮಕ್ಕಳ ರಕ್ತ ಬೇರೆ ಏನಲ್ಲ. ಮೈದಾನ ಇದೆ, ಅಷ್ಟೇ. ನಮ್ಮಲ್ಲಿ ಕಾರವಾರ, ಅಂಕೋಲಾ ನಡುವಿನ ಕಡಲತೀರದ ಊರುಗಳು ಸೀಬರ್ಡ್ ನೌಕಾನೆಲೆಗೆ ಹೋದವು. ಉಳಿದದ್ದು ಕಾರವಾರದ ಮಾಲಾದೇವಿ ಮೈದಾನ, ಅಂಕೋಲಾದ ಜೈಹಿಂದ್ ಮೈದಾನದಂಥ ಬೆರಳೆಣಿಕೆಯ ಜಾಗ. ಕಾಡಂಚಿನ ಸಿದ್ದಿ ಮಗು, ಮುಕ್ರಿ, ಹಳ್ಳೇರ ಕೇರಿಯ ಮಗು ಅಲ್ಲಿಗೆ ಸಂಜೆ ಬಂದು ಕತ್ತಲಾಗುವ ಮೊದಲು ಮನೆ ಸೇರೋದು ಹೇಗೆ? ಬಸ್ಸಿಲ್ಲ.

ನಾವು ಕೇಳಬೇಕಾದದ್ದು ದೊಡ್ಡದೇನಲ್ಲ.

1. ಕಾರವಾರ, ಅಂಕೋಲಾದ ಎಸ್‌ಸಿ, ಎಸ್‌ಟಿ ಹಾಸ್ಟೆಲ್‌ಗಳ ಮಕ್ಕಳಿಗೆ ವಾರದಲ್ಲಿ ಐದು ಸಂಜೆ ಮೈದಾನ, ಸಂಬಳದ ಕೋಚ್, ಬೂಟು, ಸರಿಯಾದ ಊಟ. ಹುಡುಗಿಯರಿಗೂ. ಹಣ ಎಲ್ಲಿಂದ ಅಂತ ಕೇಳಬೇಡಿ. 2013ರಲ್ಲೇ, ಹೌದು ಅದೇ ವರ್ಷ, ಕರ್ನಾಟಕ ಎಸ್‌ಸಿಎಸ್‌ಪಿ, ಟಿಎಸ್‌ಪಿ ಕಾಯ್ದೆ ಮಾಡಿದೆ. ಜನಸಂಖ್ಯೆಯ ಪಾಲಿನಂತೆ 24.1 ಶೇಕಡಾ ಹಣ ನಮ್ಮ ಹೆಸರಲ್ಲಿ ತೆಗೆದಿಡಬೇಕು. ಅದರಲ್ಲಿ ಒಂದು ಕೋಚಿನ ಸಂಬಳ ಹುಟ್ಟೋದಿಲ್ವಾ?

2. ತಾಲ್ಲೂಕು, ಜಿಲ್ಲಾ ತಂಡಗಳ ಆಯ್ಕೆ ಸಮಿತಿಯಲ್ಲಿ ನಮ್ಮವರೂ ಕೂರಬೇಕು. ಯಾರನ್ನು ಆರಿಸಿದರು, ಯಾಕೆ ಆರಿಸಿದರು ಅನ್ನೋದು ಬೋರ್ಡಿನ ಮೇಲೆ ಬರಬೇಕು.

3. ಊರ ಟೂರ್ನಮೆಂಟು ನಡೆಸುವ ಪ್ರತಿಯೊಬ್ಬರೂ ನಿಯಮ ಪತ್ರದಲ್ಲಿ ಒಂದು ಸಾಲು ಹಾಕಲಿ: ಜಾತಿ ಹಿಡಿದು ಬೈದರೆ ಪಂದ್ಯ ನಿಲ್ಲುತ್ತದೆ, ಬೈದವನು ಹೊರಗೆ. 1989ರ ದೌರ್ಜನ್ಯ ತಡೆ ಕಾಯ್ದೆ ಇದೆ ನಿಜ, ಆದರೆ ಹದಿನಾಲ್ಕರ ಹುಡುಗ ಆಟದ ಮಧ್ಯೆ ಠಾಣೆಗೆ ಹೋಗೋದಿಲ್ಲ. ಅವನಿಗೆ ರೆಫರಿಯ ಸೀಟಿ ಬೇಕು.

4. ಸಿದ್ದಿ ಮಕ್ಕಳಿಗೆ ಏನೇ ಯೋಜನೆ ತಂದರೂ ಕನಿಷ್ಠ ಹದಿನೈದು ವರ್ಷದ ಲಿಖಿತ ಭರವಸೆ ಇರಲಿ. ಪದಕ ಬಂದರೂ ಬರದಿದ್ದರೂ ಓದು ಮತ್ತು ಕೆಲಸ ಕೊನೆಯಲ್ಲಿ ಇರಲಿ. ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ಹೋದ ಮೊದಲ ಸಿದ್ದಿ ಆದರು. ಆ ಸಮುದಾಯ ತನ್ನ ಯೋಜನೆಯನ್ನು ತಾನೇ ಬರೆಯಬಲ್ಲದು. ಕೇಳಿ ಬರೆಯಿರಿ.

ನನ್ನ ಆಸೆ ಇಷ್ಟೇ. ನಮ್ಮ ಮಗು ಒಂದು ಪಂದ್ಯ 101 ಅಂಕದಿಂದ ಸೋತರೂ ಮರುದಿನ ಸಂಜೆ ಅದೇ ಬೂಟು ಹಾಕಿಕೊಂಡು ಅದೇ ಮೈದಾನಕ್ಕೆ ಹೋಗಬೇಕು, ಅದೇ ಕೋಚ್ ಅಲ್ಲಿರಬೇಕು. ಉಳಿದವರ ಮಕ್ಕಳಿಗೆ ಇದು ಮಾಮೂಲಿ. ನಮ್ಮ ಮಕ್ಕಳಿಗೂ ಮಾಮೂಲಿ ಆಗಲಿ.

ಕಾರವಾರ, ಅಂಕೋಲಾ ಕಡೆಯ ಗೆಳೆಯರಲ್ಲಿ ಒಂದು ವಿನಂತಿ. ಈ ಬರಹಕ್ಕೆ ಲೈಕ್ ಒತ್ತುವ ಮೊದಲು ನಿಮ್ಮ ಹತ್ತಿರದ ಎಸ್‌ಸಿ, ಎಸ್‌ಟಿ ಹಾಸ್ಟೆಲ್ಲಿಗೆ ಒಂದು ಸಂಜೆ ಐದು ಗಂಟೆಗೆ ಹೋಗಿ. ಮಕ್ಕಳು ಎಲ್ಲಿ ಆಡ್ತಾರೆ, ಚೆಂಡು ಎಷ್ಟಿವೆ, ಹೇಳಿಕೊಡುವವರು ಯಾರು ಅಂತ ಮೂರೇ ಪ್ರಶ್ನೆ ಕೇಳಿ. ಉತ್ತರವನ್ನು ಕೆಳಗೆ ಬರೆಯಿರಿ. ಎಲ್ಲ ಸೇರಿಸಿ ಒಂದು ಪಟ್ಟಿ ಮಾಡಿ ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇಡೋಣ.

ಜೈಭೀಮ್.